ಎರಡು ಬೆರಳು ಕಮ್ಮಿ

ಕಳೆದ ತಿಂಗಳು ಬಳ್ಳಾರಿಯಲ್ಲಿ ನನ್ನ ತಂಗಿಯ ಮಗನ ನಿಶ್ಚಿತಾರ್ಥ ಮುಗಿಸಿಕೊಂಡು ಎಲ್ಲರೂ ಹೊಸದಾಗಿ ತೆರೆದ ಒಂದು ಹೋಟೆಲಿಗೆ ಊಟಕ್ಕೆ ಹೋದೆವು. ಒಳಗೆ ಗೋಡೆಯ ತುಂಬ ಹಳೆಯ ಸಾಮಾನು. ಬಂಡಿಯ ಗಾಲಿ, ಕಂದೀಲು, ಮೊರ, ಸೇರು, ಪಾವು. ನಾವು ಬಳಸಿ ಸವೆಸಿದ್ದನ್ನೆಲ್ಲ ಮೊಳೆ ಹೊಡೆದು ನೇತುಹಾಕಿ, ಅದರ ಕೆಳಗೆ ಕೂತು ಪನೀರು ತಿನ್ನುವ ಕಾಲ ಇದು. ಅದಕ್ಕೆ ನನ್ನ ತಕರಾರೇನಿಲ್ಲ. ತಿನ್ನುವವರು ತಿನ್ನಲಿ ಎಂದುಕೊಂಡು ಕುರ್ಚಿ ಎಳೆಯುವಾಗ ಎದುರು ಗೋಡೆಯ ನಟ್ಟನಡುವೆ, ಹಳದಿ ದೀಪದ ಕೆಳಗೆ, ಒಂದು ಹುಟ್ಟು ನಿಂತಿರುವುದು ಕಂಡಿತು.

ಹುಟ್ಟು ಅಂದರೆ ಜನ್ಮದ ಹುಟ್ಟಲ್ಲ, ನೀರು ತಳ್ಳುವ ಹುಟ್ಟು. ಒಂದೇ ಮಾತಿಗೆ ಇರುವ ಈ ಎರಡು ಅರ್ಥದಿಂದ ಒಬ್ಬ ಮನುಷ್ಯನ ತೋಳು ಹೋಯಿತು. ಅದನ್ನೇ ಬರೆಯಲು ಕೂತಿದ್ದೇನೆ.

ಆಳೆತ್ತರಕ್ಕಿಂತ ಒಂದು ಗೇಣು ಜಾಸ್ತಿ ಉದ್ದದ ಬಿದಿರಿನ ಕೋಲು. ತುದಿಗೆ ಬೇವಿನ ಅಗಲ ಹಲಗೆ, ನಾವು ಅದನ್ನು ಎಲೆ ಅನ್ನುತ್ತೇವೆ. ಎಲೆಗೆ ಕಬ್ಬಿಣದ ಅದಿರಿನ ಕೆಂಪು ಬಣ್ಣ. ಎಲೆ ಮತ್ತು ಕೋಲು ಕೂಡುವ ಕಡೆ ಉಗುರಿನಷ್ಟು ಒಂದು ಅರ್ಧಚಂದ್ರ ಕೊರೆದಿತ್ತು. ಅದು ನನ್ನ ಅಬ್ಬಾನ ಗುರುತು, ಅವರು ತೀರಿದ ಮೇಲೆ ನನ್ನದು. ನಾನು ಎದ್ದುಹೋಗಿ ಎಲೆಯ ಮೇಲೆ ಗೇಣು ಹಾಕಿದೆ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಎಷ್ಟು ಎಳೆದರೂ ಅಂಚು ಮುಟ್ಟಲಿಲ್ಲ.

"ಮುಟ್ಟಬ್ಯಾಡ್ರಿ ಸಾರ್, ಆಂಟಿಕ್ ಪೀಸ್ ಅದು," ಎಂದ ಸಪ್ಲೈಯರ್ ಹುಡುಗ. "ಯಾರೋ ದೊಡ್ಡ ಚಾಂಪಿಯನ್ನಿಂದಂತ್ರಿ."

ಚಾಂಪಿಯನ್ನಿನದಂತೆ. ಏನೋ ಅಂದೆ, ಏನೆಂದು ನೆನಪಿಲ್ಲ, ಮೇಜಿನವರೆಲ್ಲ ತಿರುಗಿ ನೋಡಿದರು. ತಂಗಿ ಬಂದು ತೋಳು ಹಿಡಿದು, "ಅಣ್ಣಾ, ಬೀಗರು ಕುಂತಾರ, ಬಾ," ಎಂದು ಕರೆದುಕೊಂಡು ಹೋದಳು. ಊಟ ಮುಗಿಯುವವರೆಗೂ ಆ ಗೋಡೆಗೆ ಬೆನ್ನು ಹಾಕಿ ಕೂತೆ.

ನಾನು ಕುರುಗೋಡಿನ ಬಡಗಿ, ಹೆಸರು ಮಾಬುಸಾಬ. ಈಗ ಐಟಿಐಯಲ್ಲಿ ಮಕ್ಕಳಿಗೆ ಉಳಿ ಹಿಡಿಯುವುದು ಕಲಿಸುತ್ತೇನೆ. ನಮ್ಮ ಅಬ್ಬಾ ಬಂಡಿ, ನೇಗಿಲು, ಬಾಗಿಲು ಎಲ್ಲ ಮಾಡುತ್ತಿದ್ದರು, ಆದರೆ ಅವರ ಹೆಸರು ಉಳಿದದ್ದು ಹುಟ್ಟಿನಿಂದ. ಸಿರುಗುಪ್ಪದ ಆಚೆ ತುಂಗಭದ್ರೆಯ ದಂಡೆಯ ಅಂಬಿಗರೆಲ್ಲ ಅವರ ಹತ್ತಿರವೇ ಬರುತ್ತಿದ್ದರು. ಬಂದವನು ಮೊದಲು ಮಾಡುವ ಕೆಲಸ ಒಂದೇ. ಬೇವಿನ ಹಲಗೆಯ ಮೇಲೆ ಬಲಗೈ ಅಗಲಿಸಿ ಇಡುವುದು. ಅಬ್ಬಾ ಕಿವಿಯ ಮೇಲಿನ ಪೆನ್ಸಿಲು ತೆಗೆದು ಕೈಯ ಸುತ್ತ ಗೆರೆ ಎಳೆಯುತ್ತಿದ್ದರು. ಎಲೆಯ ಅಗಲ ಅವನ ಗೇಣಿನಷ್ಟು, ಕೂದಲೆಳೆ ಜಾಸ್ತಿ ಇಲ್ಲ. ಅಬ್ಬಾ ಹೇಳುತ್ತಿದ್ದ ಮಾತು ಇದು: "ಹುಟ್ಟು ಹಾಕಾವನ ಗೇಣು ಹಿಡಿಬೇಕು ಮಾಬು, ರೊಕ್ಕ ಕೊಡಾವನ ಗೇಣು ಹಿಡಿಬಾರದು." ಅಳತೆಪಟ್ಟಿ ಮನೆಯಲ್ಲಿ ಇತ್ತು. ಹುಟ್ಟಿಗೆ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ.

ಆ ಮಾತನ್ನು ನಾನು ಜೀವಮಾನದಲ್ಲಿ ಒಂದೇ ಒಂದು ಸಲ ಮೀರಿದ್ದೇನೆ. ಅದು ಗಣಿಯ ಹುಚ್ಚು ನೆತ್ತಿಗೇರಿದ್ದ ವರ್ಷ.

ಆ ವರ್ಷಗಳನ್ನು ನೋಡದವರಿಗೆ ಹೇಗೆ ಹೇಳುವುದು. ಒಗೆದು ಹಾಕಿದ ಬಿಳಿ ಅಂಗಿ ಮಧ್ಯಾಹ್ನದ ಹೊತ್ತಿಗೆ ಕೆಂಪಗಾಗುತ್ತಿತ್ತು. ಮೂಗು ಸೀನಿದರೆ ಕೆಂಪು, ಕುಡಿಯುವ ನೀರಿನ ಕೊಡದ ತಳದಲ್ಲಿ ಕೆಂಪು. ಲಾರಿಗಳ ಸಾಲು ಹಗಲೆಲ್ಲ ಮುಗಿಯುತ್ತಿರಲಿಲ್ಲ, ರಸ್ತೆ ದಾಟಲು ಮುದುಕರು ಅರ್ಧ ಗಂಟೆ ನಿಲ್ಲಬೇಕಿತ್ತು. ಸಿರುಗುಪ್ಪದ ಭತ್ತದ ಗದ್ದೆಗೆ ಕೂಲಿಯವರೇ ಸಿಗುತ್ತಿರಲಿಲ್ಲ, ಕೈಕಾಲು ಗಟ್ಟಿ ಇದ್ದವರೆಲ್ಲ ಸ್ಟೇರಿಂಗು ಹಿಡಿದಿದ್ದರು. ಜೀನ್ಸ್ ಹೊಲಿಯುವ ಹೆಂಗಸರು ಕೂಡ ಗಂಡ ಲಾರಿ ಹತ್ತಿದ ಅಂತ ಮಷಿನ್ನಿಗೆ ಬಟ್ಟೆ ಮುಚ್ಚಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮಲ್ಲಿ ಕೊಡೆ ಹಿಡಿದವರಿಗೆ ಲೆಕ್ಕವೇ ಇರಲಿಲ್ಲ, ಮತ್ತು ನಮ್ಮಂಥವರು ಆ ಕೊಡೆಗೆ ಕೋಲು ಮಾಡಿಕೊಡುತ್ತಿದ್ದೆವು.

ನಾನು ಮಾಡುತ್ತಿದ್ದದ್ದು ಬಾಗಿಲು. ಬಳ್ಳಾರಿಯಲ್ಲಿ ಒಬ್ಬ ಧಣಿ ಮನೆ ಕಟ್ಟಿಸುತ್ತಿದ್ದ. ಹೆಸರು ಬರೆಯುವುದಿಲ್ಲ, ಹೆದರಿಕೆಯಿಂದಲ್ಲ, ಆ ಹೆಸರನ್ನು ನನ್ನ ಕೈಯಿಂದ ಬರೆಯಲು ಮನಸ್ಸಿಲ್ಲ. ಅದಿರಿನ ಲಾರಿ ತೂಗುವ ಕಾಟಾ ಇಟ್ಟುಕೊಂಡಿದ್ದವನು ಎರಡೇ ವರ್ಷದಲ್ಲಿ ಧಣಿ ಅನ್ನಿಸಿಕೊಂಡಿದ್ದ. ಅವನ ಮನೆಯ ಅಷ್ಟೂ ಸಾಗುವಾನಿ ಬಾಗಿಲು ನನ್ನ ಪಾಲಿಗೆ ಬಂದಿತ್ತು. ಕುರುಗೋಡಿನ ನನ್ನ ಶೆಡ್ಡಿನಲ್ಲಿ ಅದುವರೆಗೆ ಅಷ್ಟು ಮರ ಬಿದ್ದಿರಲಿಲ್ಲ. ಸಾಗುವಾನಿಯ ಎಣ್ಣೆ ವಾಸನೆ ಮನೆಮಂದಿಯ ಬಟ್ಟೆಗೂ ಹತ್ತಿತ್ತು. ನಾನು ಮೀಸೆಯ ಮೇಲೆ ಕೈ ಹಾಕಿಕೊಂಡು ಓಡಾಡುತ್ತಿದ್ದೆ. ಇದನ್ನೂ ಹೇಳಿಬಿಡಬೇಕು.

ಹುಲುಗಪ್ಪ ನನ್ನ ವಾರಿಗೆಯವನು, ಸಿರುಗುಪ್ಪದ ಆಚೆಯ ದಂಡೆಯಲ್ಲಿ ಹರಿಗೋಲು ಹಾಕುತ್ತಿದ್ದ. ಅವನ ಅಪ್ಪ ನಮ್ಮ ಅಬ್ಬಾನ ಗಿರಾಕಿ, ಅವನು ನನ್ನ ಗಿರಾಕಿ. ಗಿರಾಕಿ ಅಂದರೆ ಬರೀ ಗಿರಾಕಿಯಲ್ಲ. ಹುಟ್ಟು ಮಾಡಿಸಲು ಬಂದರೆ ಎರಡು ದಿನ ನಮ್ಮ ಮನೆಯಲ್ಲೇ ಉಳಿದು, ಹೋಗುವಾಗ ನನ್ನ ಹೆಂಡತಿಗೆ ಅಕ್ಕಾ ಅಂತ ಕಾಲು ಮುಟ್ಟಿ ಹೋಗುತ್ತಿದ್ದವನು. ಸಣ್ಣ ಆಳು, ಆದರೆ ಕೈ ದೊಡ್ಡದು. ಅವನ ಗೇಣಿಗೆ ಸರಿಯಾದ ಹಲಗೆ ಹುಡುಕುವುದೇ ಒಂದು ಕೆಲಸವಾಗುತ್ತಿತ್ತು.

ಆ ಬೇಸಿಗೆಯಲ್ಲಿ ಧಣಿಯ ಅಳಿಯ ಹೊರದೇಶದಿಂದ ಎರಡು ಉದ್ದನೆಯ ಹಲಗೆ, ಎರಡು ಹುಟ್ಟು ತಂದ. ನೀರಿನ ಮೇಲೆ ಹಲಗೆ ಇಟ್ಟು, ಅದರ ಮೇಲೆ ನಿಂತು, ಉದ್ದ ಹುಟ್ಟು ಹಾಕುತ್ತ ಅಲೆ ಏರುವ ಆಟ. ಸಮುದ್ರದ ಆಟ ಅದು, ನಮಗೆ ಸಮುದ್ರ ಎಲ್ಲಿದೆ. ಆದರೆ ಹುಲುಗಪ್ಪ ಜನರನ್ನು ದಾಟಿಸುತ್ತಿದ್ದ ಕಡವಿನ ಕೆಳಗೆ ನದಿಗೆ ಅಡ್ಡಲಾಗಿ ಹಳೆಯ ಕಾಲದ ಒಂದು ಕಲ್ಲಿನ ಅಣೆ ಇದೆ. ಮೇಲಿನಿಂದ ನೀರು ಬಿಟ್ಟಾಗ ಅಣೆಯ ಮೇಲಿಂದ ಜಿಗಿದು ಕೆಳಗೆ ಒಂದೇ ಜಾಗದಲ್ಲಿ ಒಂದು ಅಲೆ ಎದ್ದು ನಿಲ್ಲುತ್ತದೆ. ಮುಂದೆ ಹೋಗುವುದಿಲ್ಲ, ಹಿಂದೆ ಬರುವುದಿಲ್ಲ, ತಲೆ ತಗ್ಗಿಸಿ ಗುಮ್ಮುತ್ತ ಅಲ್ಲೇ ಇರುತ್ತದೆ. ದಂಡೆಯವರು ಅದನ್ನು ಗೂಳಿ ಅಂತ ಕರೆಯುತ್ತಿದ್ದರು. ಅಳಿಯ ಅದರ ಮೇಲೆ ನಿಲ್ಲಲು ಹೋಗಿ ಮೂರು ದಿನ ಬಿದ್ದ. ನಾಲ್ಕನೆಯ ದಿನ ಹುಲುಗಪ್ಪನನ್ನು ಹತ್ತಿಸಿದರು. ಅವನು ಬಿದ್ದದ್ದು ಎರಡೇ ಸಲ, ಮೂರನೆಯ ಸಲ ಗೂಳಿಯ ನೆತ್ತಿಯ ಮೇಲೆ ನಿಂತು ಬೀಡಿ ಕೇಳಿದನಂತೆ.

ಧಣಿಗೆ ಅಷ್ಟೇ ಸಾಕಾಯಿತು. ನದಿಯ ದಂಡೆಯಲ್ಲಿ ನೀರಿನ ಆಟದ ಜಾಗ ಕಟ್ಟಿಸುತ್ತೇನೆ, ನೀನೇ ಅಲ್ಲಿ ಕಾಯಂ ಮೇಸ್ತ್ರಿ ಎಂದ. ಹುಲುಗಪ್ಪನಿಗೆ ಆಸೆ ಹುಟ್ಟಿದ್ದರಲ್ಲಿ ತಪ್ಪೇನಿಲ್ಲ. ಕಡವಿನ ಪಕ್ಕದಲ್ಲೇ ಸೇತುವೆಯ ಕಂಬ ಏಳುತ್ತಿದ್ದವು. ಅದು ಮುಗಿದ ದಿನ ಅವನ ಹರಿಗೋಲು ಬೋರಲು. ಶ್ರಾವಣ ಕಳೆದ ಮೇಲೆ ಹೈದರಾಬಾದಿನಿಂದ ಧಣಿಯ ಅತಿಥಿಗಳು ಬರುವವರಿದ್ದರು. ಅವರೆದುರು ಹುಲುಗಪ್ಪ ಗೂಳಿಯ ಮೇಲೆ ನಿಲ್ಲಬೇಕು, ನಿಂತರೆ ಕೆಲಸ ಕಾಯಂ. ಅಷ್ಟರಲ್ಲಿ ಹೊರದೇಶದ ಹುಟ್ಟುಗಳೆರಡೂ ಅಣೆಯ ಕಲ್ಲಿಗೆ ಬಡಿದು ಒಡೆದವು. ಅದಕ್ಕೇ ಅವರು ನನ್ನ ಶೆಡ್ಡಿಗೆ ಬಂದದ್ದು.

ಆಗ ರಂಜಾನ್ ತಿಂಗಳು, ನನಗೆ ಉಪವಾಸ. ಹುಲುಗಪ್ಪ ಬೆಳಿಗ್ಗೆಯೇ ಬಸ್ಸಿಗೆ ಬಂದಿದ್ದ, ಧಣಿ ಆಮೇಲೆ ಕಾರಿನಲ್ಲಿ ಬರುವವನಿದ್ದ. ಹುಲುಗಪ್ಪ ಎಂದಿನಂತೆ ಹಲಗೆಯ ಮೇಲೆ ಬಲಗೈ ಅಗಲಿಸಿ ಇಟ್ಟ, ನಾನು ಗೆರೆ ಎಳೆದೆ. ಕೈ ತೆಗೆಯದೆ ಅವನು ಹೇಳಿದ, "ಈ ಸಲ ನನ್ನ ಗೇಣಿಗೆ ಎರಡು ಬೆರಳು ಕಮ್ಮಿ ಮಾಡು ಮಾಬು."

"ಯಾಕಲೇ? ನಿಮ್ಮಪ್ಪನ ಕಾಲದಿಂದ ಪೂರಾ ಗೇಣು."

"ಹರಿಗೋಲಂದ್ರ ಎಮ್ಮಿ ಇದ್ದಂಗ, ಜಗ್ಗಿ ದೂಡಬೇಕು. ಅದಕ ದೊಡ್ಡ ಎಲಿ ಬೇಕು. ಈ ಹಲಗಿ ಮೇಕಿ ಇದ್ದಂಗ ಐತಿ, ಮುಟ್ಟಿದ್ರ ಓಡತೈತಿ. ಸಣ್ಣ ಎಲಿ, ಸಣ್ಣ ಎಳ್ತ, ಜಲ್ದಿ ಜಲ್ದಿ ಹಾಕಬೇಕು." ಅವನು ನಿಂತಲ್ಲೇ ಕೈ ಆಡಿಸಿ ತೋರಿಸಿದ. "ಆ ಪರದೇಶದ ಹುಟ್ಟು ದೊಡ್ಡದಿತ್ತು. ಒಂದೊಂದು ಎಳ್ತಕ್ಕೂ ಭುಜ ಕಳಚಿದಂಗ ಆಗತಿತ್ತು. ಗೂಳಿ ಬಾಯಾಗ ದೊಡ್ಡ ಎಲಿ ಕೊಟ್ರ ಅದು ಹಿಡಕೊಂಡು ಬಿಡೂದಿಲ್ಲ. ಸಣ್ಣದಾದ್ರ ಜಾರತೈತಿ. ಜಾರಬೇಕು. ನೀರಿಗೆ ಒಂದೀಟು ಸೋಲಬೇಕು ಮಾಬು, ಇಲ್ಲಂದ್ರ ಅದು ನಮ್ಮನ್ನ ಸೋಲಸತೈತಿ."

ನನಗೆ ಮಾತು ತಿಳಿಯಿತು. ಮರದ ಕೆಲಸದಲ್ಲೂ ಹಾಗೆಯೇ, ಅಗಲ ಉಳಿಗೆ ಗಂಟು ಸಿಕ್ಕರೆ ಮಣಿಕಟ್ಟು ತಿರುಗುತ್ತದೆ. ಕೈಯ ಗೆರೆಯ ಒಳಗೆ ಎರಡು ಬೆರಳು ಬಿಟ್ಟು ಇನ್ನೊಂದು ಗೆರೆ ಎಳೆದೆ. ಅಷ್ಟರಲ್ಲಿ ಹೊರಗೆ ಕಾರು ನಿಂತಿತು.

ಧಣಿ ಒಳಗೆ ಬಂದ, ನಾಲ್ಕು ಜನ ಬಾಲದಂತೆ ಹಿಂದೆ ಬಂದರು. ನಾನು ಕುರ್ಚಿ ಒರೆಸಿ ಕೊಟ್ಟೆ. ಅವನು ಕೂರಲಿಲ್ಲ. ಹಲಗೆಯ ಮೇಲಿನ ಗೆರೆ ನೋಡಿ, "ಇದೇನಿದು, ಹೋಳಿಗಿ ತಟ್ಟಾಕೇನು?" ಎಂದ. ನಾನು ಹೇಳಿದೆ, ಹುಲುಗಪ್ಪ ಎರಡು ಬೆರಳು ಸಣ್ಣದು ಕೇಳಿದ್ದಾನೆ, ಆ ಆಟಕ್ಕೆ ಅದೇ ಸರಿ ಅಂತೆ.

ಧಣಿ ಹುಲುಗಪ್ಪನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ನನ್ನ ಆಳು ನಾಕು ಮಂದಿ ಮುಂದ ಸಣ್ಣ ಹುಟ್ಟು ಹಿಡಕೊಂಡು ನಿಲ್ಲೂದು? ನಿನ್ನ ಹುಟ್ಟೇ ಸಣ್ಣದು, ಏನು ಮಾಡ್ತಿ ಬಿಡು. ದೊಡ್ಡದು ಕೇಳಾಕ ಬಾಯಿ ಎಲ್ಲಿಂದ ಬರಬೇಕು."

ಅವನ ಹಿಂದಿನ ನಾಲ್ವರೂ ನಕ್ಕರು. ಹುಲುಗಪ್ಪ ತಲೆ ತಗ್ಗಿಸಿ ಹಲಗೆಯ ಮೇಲಿನ ತನ್ನ ಕೈಯ ಗೆರೆಯನ್ನೇ ನೋಡುತ್ತಿದ್ದ. ನಾನೂ ನಕ್ಕೆ.

ಇದನ್ನು ಬರೆಯುವಾಗ ಪೆನ್ನು ಮುರಿದು ಎಸೆಯೋಣ ಅನ್ನಿಸುತ್ತಿದೆ. ಉಪವಾಸದ ಬಾಯಿ ಅದು. ಸುಳ್ಳಾಡಬಾರದು, ಚಾಡಿ ಹೇಳಬಾರದು, ಇನ್ನೊಬ್ಬರ ಮನಸ್ಸು ನೋಯಿಸಬಾರದು ಅಂತ ನೀರೂ ಬಿಡದೆ ಕಟ್ಟಿಕೊಂಡಿದ್ದ ಬಾಯಿಂದ ನಾನು ಹಲ್ಲು ಕಿಸಿದೆ. ಮಾತಿನ ಚಮತ್ಕಾರಕ್ಕೆ ನಕ್ಕೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡೆ. ಚಮತ್ಕಾರವೂ ಅಲ್ಲ, ಸುಡುಗಾಡೂ ಅಲ್ಲ. ಹಿಂದೆ ಒರಗಿಸಿಟ್ಟಿದ್ದ ಸಾಗುವಾನಿ ಬಾಗಿಲುಗಳು ನನ್ನನ್ನು ನಗಿಸಿದವು.

ಧಣಿ ಉಂಗುರದ ಕೈಯನ್ನು ಇನ್ನೊಂದು ಹಲಗೆಯ ಮೇಲೆ ಅಗಲಿಸಿ ಇಟ್ಟ. ಅವನದು ಆರಡಿ ಆಳು, ಕೈ ಮೊರದಂಥದು. "ನನ್ನ ಗೇಣು ತಗೋ. ಅದಿರಿನ ಬಣ್ಣ ಹಚ್ಚು. ದೂರದಿಂದ ಕಾಣಬೇಕು."

ಪೆನ್ಸಿಲು ನನ್ನ ಕೈಯಲ್ಲಿತ್ತು. ಅಬ್ಬಾನ ಮಾತು ನೆನಪಾಗಲಿಲ್ಲ ಅಂತ ಹೇಳಿದರೆ ಅದು ಇನ್ನೊಂದು ಸುಳ್ಳು. ನೆನಪಾಯಿತು, ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ. ಧಣಿಯ ಕೈಯ ಸುತ್ತ ಗೆರೆ ಎಳೆದೆ. ಅವರೆಲ್ಲ ಹೋದ ಮೇಲೆ ಹುಲುಗಪ್ಪ ಇಷ್ಟೇ ಹೇಳಿದ, "ಸಣ್ಣದೊಂದು ಮಾಡಿ ಇಟ್ಟಿರು. ಬಣ್ಣ ಎರಡಕ್ಕೂ ಒಂದೇ ಹಚ್ಚಿದ್ರ, ನೀರಾಗ ಯಾರಿಗೆ ಗೊತ್ತಾಗತೈತಿ." ಮಾಡುತ್ತೇನೆ ಎಂದೆ. ಬಾಗಿಲಿನ ಕೆಲಸ ಬೆನ್ನು ಹತ್ತಿತ್ತು, ಇಂದು ನಾಳೆ ಅನ್ನುತ್ತ ದಿನ ತಳ್ಳಿದೆ. ಧಣಿಯ ಹುಟ್ಟು ಮಾತ್ರ ಹೇಳಿದ ದಿನಕ್ಕೆ ತಯಾರಾಯಿತು. ಹುಲುಗಪ್ಪನ ಹಲಗೆ ಗೆರೆ ಸಮೇತ ಅಟ್ಟದ ಮೇಲೆ ಹೋಯಿತು.

ಆ ದಿನ ಮೋಡ ಕಟ್ಟಿತ್ತು, ಮಳೆ ಇರಲಿಲ್ಲ. ಮೇಲೆ ನೀರು ಬಿಟ್ಟಿದ್ದರಿಂದ ಹೊಳೆ ಚಹಾದ ಬಣ್ಣಕ್ಕೆ ತಿರುಗಿ, ಅಣೆಯ ಕೆಳಗೆ ಗೂಳಿ ಎದೆಯುದ್ದ ಎದ್ದು ನಿಂತಿತ್ತು. ದಂಡೆಯಲ್ಲಿ ಶಾಮಿಯಾನ, ಕುರ್ಚಿ, ಸಾಲು ಕಾರು. ಅತಿಥಿಗಳು ತೆಲುಗಿನವರು. ಹುಟ್ಟು ಕೊಡಲು ಬಂದಿದ್ದ ನನ್ನನ್ನು ಧಣಿ ತನ್ನ ಕುರ್ಚಿಯ ಪಕ್ಕ ನಿಲ್ಲಿಸಿಕೊಂಡಿದ್ದ, ಇವನೇ ನನ್ನ ಬಡಗಿ ಅಂತ ತೋರಿಸಲು. ಹುಲುಗಪ್ಪ ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿ ಆಟದ ಹಲಗೆ ಒರೆಸುತ್ತಿದ್ದ. ನನ್ನ ಕೈಯಲ್ಲಿ ಒಂದೇ ಹುಟ್ಟು ನೋಡಿ, ಅವನು ಮತ್ತೊಂದಕ್ಕಾಗಿ ನನ್ನ ಹಿಂದೆ ನೋಡಿದ. ನಾನು ಕಣ್ಣು ತಪ್ಪಿಸಿದೆ.

ಒಬ್ಬ ಅತಿಥಿ ಕೆಂಪು ಎಲೆ ನೋಡಿ, ಇಷ್ಟು ದೊಡ್ಡದೇಕೆ ಎಂದು ಕೇಳಿದ. ಧಣಿಗೆ ತನ್ನ ಹಳೆಯ ಜೋಕು ನೆನಪಾಯಿತು. ಕನ್ನಡದಲ್ಲೇ ಹೇಳಿದ, ಸಣ್ಣ ಹುಟ್ಟಿನವನಿಗೆ ದೊಡ್ಡ ಹುಟ್ಟು ಕೊಟ್ಟಿದ್ದೇನೆ ಅಂತ. ಅವರಿಗೆ ಅರ್ಥವಾಗಲಿಲ್ಲ. ತೆಲುಗಿನಲ್ಲಿ ನೀರಿನ ಹುಟ್ಟಿಗೆ ತೆಡ್ಡು ಅನ್ನುತ್ತಾರೆ, ಜನ್ಮಕ್ಕೆ ಬೇರೆ ಮಾತು. ಜೋಕು ಅಲ್ಲೇ ಸತ್ತುಹೋಗಿದ್ದರೆ ಚೆನ್ನಾಗಿತ್ತು. ಧಣಿ ನನ್ನ ಕಡೆ ತಿರುಗಿ, "ಮಾಬು, ನಿನಗ ತೆಲುಗು ಚಲೋ ಬರತೈತಿ. ಬಿಡಿಸಿ ಹೇಳು," ಎಂದ.

ನಾನು ಬಿಡಿಸಿ ಹೇಳಿದೆ. ಕೈ ಕಟ್ಟಿಕೊಂಡು, ಪಾಠ ಒಪ್ಪಿಸುವವನಂತೆ, ಕನ್ನಡದಲ್ಲಿ ಈ ಮಾತಿಗೆ ಎರಡು ಅರ್ಥ, ಒಂದು ಇದು, ಇನ್ನೊಂದು ಇವನ ಕುಲ, ಅಂತ ಹೇಳಿದೆ. ಆಗ ಅವರು ನಕ್ಕರು. ಹುಲುಗಪ್ಪ ಬಂದು ನನ್ನ ಕೈಯಿಂದ ಹುಟ್ಟು ತೆಗೆದುಕೊಂಡು ನೀರಿಗೆ ಇಳಿದ.

ಮೊದಲ ಏರು ಸರಿಯಾಗಿಯೇ ಹೋಯಿತು. ಗೂಳಿಯ ಮೇಲೆ ಕಾಲು ಅಗಲಿಸಿ ನಿಂತ, ಶಾಮಿಯಾನದಲ್ಲಿ ಚಪ್ಪಾಳೆ ಬಿತ್ತು. ಆದರೆ ಪ್ರತಿ ಎಳೆತಕ್ಕೂ ಅವನ ಬಲ ಭುಜ ಕಿವಿಯವರೆಗೆ ಏರುವುದು ದಂಡೆಯಿಂದಲೇ ಕಾಣುತ್ತಿತ್ತು. ಧಣಿ ಇನ್ನೊಂದು ಸಲ ಎಂದು ಕೈ ಬೀಸಿದ. ಎರಡನೆಯ ಏರಿನಲ್ಲಿ ಕೆಂಪು ಎಲೆ ಅಲೆಯ ಬುಡಕ್ಕೆ ಹೋಯಿತು, ಹೋಗಿ ಅಲ್ಲೇ ಕಚ್ಚಿಕೊಂಡಿತು. ಅಣೆಯ ಕೆಳಗಿನ ಎರಡು ಕಲ್ಲಿನ ಸಂದಿಗೆ ಅದರ ಅಗಲ ಸರಿಯಾಗಿ ಸಿಕ್ಕಿತ್ತು. ಹಲಗೆ ಕಾಲ ಕೆಳಗಿಂದ ಜಾರಿ ಹೋಯಿತು. ಹೊಳೆ ಹುಲುಗಪ್ಪನನ್ನು ಒಂದು ಕಡೆ ಎಳೆಯಿತು, ಹುಟ್ಟು ಇನ್ನೊಂದು ಕಡೆ ಹಿಡಿದಿತ್ತು. ದಂಡೆಯ ಅಂಬಿಗರು ಕೂಗಿದರು, ಕೈ ಬಿಡೋ, ಕೈ ಬಿಡೋ ಅಂತ.

ಅವನು ಬಿಡಲಿಲ್ಲ. ಬಿಡುವುದು ಅವನಿಗೆ ಗೊತ್ತಿರಲಿಲ್ಲ. ಅಂಬಿಗರ ಮಕ್ಕಳಿಗೆ ನಡೆಯಲು ಬರುವ ಮೊದಲೇ ಕಲಿಸುವ ಮಾತು, ಹರಿಗೋಲು ಮುಳುಗಲಿ, ಹುಟ್ಟು ಬಿಡಬೇಡ ಎಂದು. ಹುಟ್ಟು ಬಿಟ್ಟರೆ ಹರಿಗೋಲಿನಲ್ಲಿ ಕೂತವರ ಜೀವ ಹೋಗುತ್ತದೆ. ಆ ಹಲಗೆಯ ಮೇಲೆ ಅವನ ಹೊರತು ಯಾರೂ ಇರಲಿಲ್ಲ, ಆದರೆ ಕೈಗೆ ಅದು ಗೊತ್ತಾಗುವುದು ಹೇಗೆ. ಇಬ್ಬರು ಹಗ್ಗ ಕಟ್ಟಿಕೊಂಡು ಇಳಿದು ಅವನನ್ನು ಎಳೆದು ತಂದಾಗಲೂ ಬೆರಳು ಬಿದಿರನ್ನು ಸುತ್ತಿಕೊಂಡೇ ಇದ್ದವು. ತೋಳು ಮಾತ್ರ ಭುಜದಿಂದ ಇಳಿದು ಬೇರೆಯವರ ತೋಳಿನಂತೆ ಜೋತಾಡುತ್ತಿತ್ತು. ಅವನ ಹೆಂಡತಿ ಈರಮ್ಮ ಸೀರೆಯ ಸೆರಗಿನಿಂದ ಅದನ್ನು ಕಟ್ಟಿದಳು.

ಧಣಿ ಕುರ್ಚಿಯಿಂದ ಏಳಲಿಲ್ಲ. "ದೊಡ್ಡ ಸಾಮಾನು ಹಿಡಿಯಾಕ ತಾಕತ್ತು ಬೇಕಲೇ," ಎಂದವನು ಅತಿಥಿಗಳನ್ನು ಊಟಕ್ಕೆ ಎಬ್ಬಿಸಿದ. ಅಷ್ಟು ಸಾಲು ಕಾರಿನಲ್ಲಿ ಒಂದೂ ಹುಲುಗಪ್ಪನನ್ನು ಊರಿಗೆ ಒಯ್ಯಲು ಬಿಡುವಾಗಿರಲಿಲ್ಲ. ಭತ್ತದ ಟ್ರ್ಯಾಕ್ಟರಿನಲ್ಲಿ ಒಯ್ದರು. ನಾನು ಟ್ರ್ಯಾಕ್ಟರಿನ ಹಿಂದೆ ಸ್ವಲ್ಪ ದೂರ ನಡೆದೆ. ಆಮೇಲೆ ಧಣಿಯ ಕಡೆಯವನು ಬಂದು ಬಾಗಿಲಿನ ಮಾತು ಎತ್ತಿದ, ನಿಂತೆ.

ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ನನಗೆ ಆಗ ಸಿಟ್ಟೂ ಬರಲಿಲ್ಲವಲ್ಲ, ಅದಕ್ಕೇ ಈಗ ಹೊಟ್ಟೆ ಉರಿಯುತ್ತದೆ. ಒಂದು ಸಲ ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಹುಲುಗಪ್ಪನನ್ನು ನೋಡಲು ಹೋಗಿದ್ದೆ. ಅವನು ಮಲಗಿದ್ದ, ಎಚ್ಚರವಿದ್ದೂ ಕಣ್ಣು ತೆರೆಯಲಿಲ್ಲ. ತೋಳಿಗೆ ಮೂಳೆ ಕೂರಿಸುವ ಪುತ್ತೂರಿನ ನಾಟಿ ಕಟ್ಟು ಹಾಕಿಸಿದ್ದರು. ಮೂಳೆ ಕೂತಿತು, ನರ ಕೂರಲಿಲ್ಲ. ತೋಳು ಮತ್ತೆ ಭುಜದ ಮೇಲೆ ಏರಲಿಲ್ಲ. ಮರುವರ್ಷ ಸೇತುವೆ ಮುಗಿಯಿತು. ಆಮೇಲೆ ಗಣಿಯೂ ನಿಂತಿತು, ಲಾರಿಗಳು ಹೊಲದ ಬದುವಿನಲ್ಲಿ ತುಕ್ಕು ಹಿಡಿದವು, ಧಣಿಯ ಮನೆಗೆ ಬೀಗ ಬಿತ್ತು, ಆ ಕೆಂಪು ಹುಟ್ಟೂ ಸೇರಿ ಸಾಮಾನು ಯಾರ್‍ಯಾರದೋ ಪಾಲಾಯಿತು. ಕಂಡೆಯಾ, ದೇವರಿದ್ದಾನೆ ಅಂತ ನನ್ನ ಹೆಂಡತಿ ಹೇಳಿದಳು. ಧಣಿ ಕೆಟ್ಟರೆ ಹುಲುಗಪ್ಪನ ತೋಳು ಏರುತ್ತದೆಯೇ. ನನಗೆ ಅಂಥ ಸಮಾಧಾನ ಬೇಡ. ನಾನು ಮಾಡಿದ ಬಾಗಿಲುಗಳು ಇವತ್ತಿಗೂ ಆ ಬೀಗದ ಹಿಂದೆ ಗಟ್ಟಿಮುಟ್ಟಾಗಿ ನಿಂತಿವೆ. ಅಷ್ಟು ಚೆನ್ನಾಗಿ ಮಾಡಿದ್ದೆ, ಸುಡಲಿ.

ಹೋಟೆಲಿನಲ್ಲಿ ಆ ಹುಟ್ಟು ಕಂಡ ಮರುದಿನ ಅಟ್ಟ ಹತ್ತಿದೆ. ಹಲಗೆ ಇತ್ತು. ಧೂಳು ಒರೆಸಿದಾಗ ಬೇವಿನ ಕಹಿ ವಾಸನೆ ಇನ್ನೂ ಸತ್ತಿರಲಿಲ್ಲ. ಪೆನ್ಸಿಲಿನ ಗೆರೆಯೂ ಅಷ್ಟೇ ಕಪ್ಪಗಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಅಕ್ಕಿ ಗಿರಣಿಯ ಗೋಡೆಗೆ ಹೊಂದಿಕೊಂಡು ಅವರ ಮಿರ್ಚಿ ಬಂಡಿ. ಈರಮ್ಮ ಮೆಣಸಿನಕಾಯಿ ಹಿಟ್ಟಿನಲ್ಲಿ ಅದ್ದಿ ಬಿಡುತ್ತಿದ್ದಳು, ಹುಲುಗಪ್ಪ ಎಡಗೈಯಲ್ಲಿ ತೂತಿನ ಸೌಟು, ಜಾರಿ, ಹಿಡಿದು ತಿರುವುತ್ತಿದ್ದ. ಬಲಗೈ ಬೆರಳು ಮಡಚಿಕೊಂಡು ಹೊಟ್ಟೆಗೆ ಆನಿಕೊಂಡಿತ್ತು. ನನ್ನನ್ನು ಮೊದಲು ನೋಡಿದವಳು ಈರಮ್ಮ.

"ಬಂದ ನೋಡು, ದೊಡ್ಡ ಮನಿಗಳ ಬಡಗಿ," ಎಂದಳು, ಹಿಟ್ಟಿನ ಕೈ ನಿಲ್ಲಿಸದೆ. "ದಾರಿ ಮರತಿರಲಿಲ್ಲಂತ ಕಾಣತೈತಿ."

ಹುಲುಗಪ್ಪ ಸ್ಟೂಲು ಕಾಲಿನಿಂದ ತಳ್ಳಿದ. ಕೂತೆ. ಹೋಟೆಲಿನ ಗೋಡೆ, ದೀಪ, ಚಾಂಪಿಯನ್ ಅಂದ ಸಪ್ಲೈಯರ್, ಎಲ್ಲ ಹೇಳಿದೆ. ಹೇಳುತ್ತ ನನ್ನ ದನಿ ಏರಿತು. ಅದನ್ನು ಕಿತ್ತು ತಂದು ಇದೇ ಒಲೆಗೆ ಹಾಕುತ್ತೇನೆ ಎಂದೆ. ಅವನು ಎಣ್ಣೆ ನೋಡುತ್ತಲೇ ಕೇಳಿಸಿಕೊಂಡ.

"ಇದನ್ನ ಹೇಳಾಕ ಬಂದ್ಯಾ?"

ಅಲ್ಲ ಎಂದೆ. "ಅವತ್ತು ಶೆಡ್ಡಿನ್ಯಾಗ ಧಣಿ ಅಂದಾಗ ನಾನೂ ನಕ್ಕಿದ್ದೆ."

"ಗೊತ್ತೈತಿ. ಐದು ಮಂದಿ ನಕ್ಕರಿ. ನಾಕು ಮಂದಿದು ಮರತೀನಿ."

ಈರಮ್ಮ ಕೈ ನಿಲ್ಲಿಸಿದಳು. ನಾನು ತಲೆ ಎತ್ತಲಿಲ್ಲ. "ಹೊಳಿ ದಂಡ್ಯಾಗ..." ಎಂದು ಶುರು ಮಾಡಿದೆ.

"ತೆಲುಗು ನನಗೂ ಬರತೈತಿ ಮಾಬು," ಎಂದ ಹುಲುಗಪ್ಪ. "ಈ ಸೀಮ್ಯಾಗ ಯಾರಿಗೆ ಬರೂದಿಲ್ಲ."

ಇಷ್ಟು ವರ್ಷ ನನಗೆ ಇದೊಂದು ಹೊಳೆದಿರಲಿಲ್ಲ ಅಂದರೆ ಯಾರು ನಂಬುತ್ತಾರೆ. ಆ ದಂಡೆ ಈ ದಂಡೆ ಎರಡೂ ಕಡೆಯ ಜನರನ್ನು ದಾಟಿಸುತ್ತಿದ್ದವನು, ಅವನಿಗೆ ನನಗಿಂತ ಒಳ್ಳೆಯ ತೆಲುಗು. ಹತ್ತು ಹೆಜ್ಜೆ ದೂರದಲ್ಲಿ ಹಲಗೆ ಒರೆಸುತ್ತ, ಅವನ ಕುಲವನ್ನು ನಾನು ಪದ ಪದ ಬಿಡಿಸಿ ಹೇಳಿದ್ದನ್ನು ಅವನು ಪದ ಪದ ಕೇಳಿಸಿಕೊಂಡಿದ್ದ. ಅದಾದ ಮೇಲೆ ನನ್ನ ಕೈಯಿಂದಲೇ ಹುಟ್ಟು ಇಸಿದುಕೊಂಡಿದ್ದ. ಧಣಿಯ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ತಿರುಗಿ ಬಂದು ನನ್ನ ಎದೆಯ ಮೇಲೆ ಕೂತಿತು.

"ಚೀಲದಾಗ ಏನೈತಿ?" ಎಂದ.

ಹಲಗೆ ತೆಗೆದು ಬಂಡಿಯ ಕಟ್ಟೆಯ ಮೇಲೆ ಇಟ್ಟೆ. ಅವನು ಜಾರಿಯನ್ನು ಈರಮ್ಮನಿಗೆ ಕೊಟ್ಟ. ಅಂಗಿಗೆ ಕೈ ಒರೆಸಿಕೊಂಡು ಗೆರೆಯನ್ನು ನೋಡಿದ. ಆಮೇಲೆ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ, ಯಾರದೋ ಸಾಮಾನು ಇಡುವಂತೆ, ಹಲಗೆಯ ಮೇಲೆ ಇಟ್ಟ. ಎಡಗೈಯಿಂದಲೇ ಒಂದೊಂದು ಬೆರಳು ಬಿಡಿಸಿದ. ಹೆಬ್ಬೆರಳು ಗೆರೆಗೆ ತಾಗಿತು. ಕಿರುಬೆರಳು ಎಳೆದ, ಇನ್ನೂ ಎಳೆದ. ಅದು ಹೊರಗಿನ ಗೆರೆಯನ್ನು ಮುಟ್ಟಲಿಲ್ಲ. ಒಳಗಿನ ಗೆರೆಗೆ, ಅವತ್ತು ಅವನು ಕೇಳಿದ್ದ ಗೆರೆಗೆ, ಬಂದು ನಿಂತಿತು.

"ಈಗ ಸರಿಹೋತು ನೋಡು," ಎಂದ ಹುಲುಗಪ್ಪ. "ಎರಡು ಬೆರಳು ಕಮ್ಮಿ."